ಅಪ್‌ಡೇಟ್: ಯು ಇಲ್ಲದ ಕ್ಯೂ ಪದಗಳು ಸಿಕ್ಕವು!

ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಆಟದಲ್ಲಿ ಕ್ಯೂ (Q) ಬಂದು, ಅದರ ಜೊತೆ ಸಾಮಾನ್ಯವಾಗಿ ಬೇಕಾಗುವ ಯು (U) ಬರದಿದ್ದರೆ ಏನು ಮಾಡೋದು ಅಂತ ಹೋದ ವಾರ ಕೇಳಿದ್ದೆ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದರೆ ಮಗಳ ಜೊತೆ ಇದೇ ಆಟ.

ಡಿಕ್ಷನರಿಯಲ್ಲಿ ಕ್ಯೂ ಪುಟ ತಿರುವಿದ್ದು ಅಷ್ಟೇನೂ ಉಪಯೋಗವಾಗಲಿಲ್ಲ. ನಡುವೆ ಕ್ಯೂ ಇರುವ ಪದ ಅಲ್ಲಿ ಸಿಗಲ್ಲ ಅಲ್ವಾ? ಚಿಕ್ಕ ಪಟ್ಟಿ ಬರೆದು ಬಾಯಿಪಾಠ ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ನಿನ್ನೆ ಕರೆಂಟ್ ಹೋಗಿತ್ತು. ಮೇಣದಬತ್ತಿ ಬೆಳಕಲ್ಲಿ ಮಗಳು ಕ್ಯೂ, ಐ ಎರಡೇ ಬಿಲ್ಲೆ ಇಟ್ಟಳು. ಓದುವುದು ‘ಚೀ’ ಅಂತ. ಚೀನೀಯರು ಹೇಳುವ ಜೀವಶಕ್ತಿ. 10 ಅಂಕದ ಕ್ಯೂ ಅಕ್ಷರದ ಅಂಕ ಮೂರು ಪಟ್ಟಾಗುವ ಮನೆಯಲ್ಲಿ ಕೂತು, ಐ ಸೇರಿ 31!

ಖುಷಿಯಾಗಿದ್ದು ಇನ್ನೊಂದಕ್ಕೆ. ಎಫ್, ಎ, ಕ್ಯೂ, ಐ, ಆರ್: ನಮ್ಮ ಫಕೀರ! ಕ್ಯೂ, ಎ, ಡಿ, ಐ ಅಂದರೆ ಖಾಜಿ. ಎರಡೂ ಆಟದಲ್ಲಿ ನಡೆಯುತ್ತವೆ.