ಎಂಜಿಯುಎಸ್ ಎಂದಿದ್ದಾರೆ, ಔಷಧ ಬೇಡವೆಂದೂ ಹೇಳಿದ್ದಾರೆ, ಸುಮ್ಮನಿರುವುದು ಸರಿಯೇ?

ಪ್ರಶ್ನೆ (ಬೆಟಗೇರಿ, ಗದಗ):
ಎಲ್ಲರಿಗೂ ನಮಸ್ಕಾರ. ನನಗೆ 57 ವರ್ಷ, ಕೈಮಗ್ಗದ ನೇಕಾರ. ಬೆನ್ನುನೋವಿಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಹೆಚ್ಚಿರುವುದು ಕಂಡು, ಹುಬ್ಬಳ್ಳಿಯ ರಕ್ತರೋಗ ತಜ್ಞರಿಗೆ ತೋರಿಸಿದೆ. ಎಂಜಿಯುಎಸ್ ಎಂದರು, ಅಂದರೆ ರಕ್ತದಲ್ಲಿ ಎಂ-ಪ್ರೋಟೀನ್ ಎಂಬ ಅಸಹಜ ಪ್ರೋಟೀನ್ ಇದ್ದರೂ ಇನ್ನೂ ಕಾಯಿಲೆಯಾಗಿ ಬೆಳೆಯದ ಸ್ಥಿತಿ. ಎಂ-ಪ್ರೋಟೀನ್ ಡೆಸಿಲೀಟರಿಗೆ 0.8 ಗ್ರಾಂ, ಐಜಿಜಿ ಎಂಬ ಪ್ರತಿಕಾಯದ (ಸೋಂಕು ತಡೆಯುವ ಪ್ರೋಟೀನಿನ) ಬಗೆಯದು. ಲೈಟ್ ಚೈನ್ (ಪ್ರತಿಕಾಯದ ಚಿಕ್ಕ ಭಾಗ) ಅನುಪಾತ, ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಸರಿಯಾಗಿವೆ. ಬೆನ್ನುನೋವು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂರುವುದರಿಂದ ಬಂದದ್ದು, ಸ್ಕ್ಯಾನ್‌ನಲ್ಲಿ ಮೂಳೆಗೆ ಏನೂ ಆಗಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಆದರೂ ಲಾಳಿ ಎಸೆಯುವಾಗ ಬೆನ್ನು ಚಳಕು ಹಿಡಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಮೂಳೆಮಜ್ಜೆಯ ಪರೀಕ್ಷೆ ಏಕೆ ಮಾಡಲಿಲ್ಲ ಎಂದು ಮನೆಯವರು ಕೇಳುತ್ತಾರೆ. ಭಾವನವರು ಯಾವುದೋ ಭಸ್ಮ ತಂದುಕೊಟ್ಟಿದ್ದಾರೆ. ಮಗಳಿಗೆ ವರ ನೋಡುತ್ತಿದ್ದೇವೆ. ಬೀಗರಾಗುವವರಿಗೆ ಇದನ್ನು ಹೇಳಬೇಕೇ?

ಉತ್ತರ (ಧಾರವಾಡ):
ಹಿರಿಯರೇ, ನನಗೂ ಇದೇ ಇದೆ. ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳಲ್ಲಿ ಒಂದೇ ಕೋಶದ ಸಂತತಿ ಹೆಚ್ಚಿ, ಒಂದೇ ಅಚ್ಚಿನ ಪ್ರತಿಕಾಯವನ್ನು ಸುರಿಸುತ್ತದೆ. ಎಂ-ಪ್ರೋಟೀನ್ ಎನ್ನುವುದು ಅದನ್ನೇ. ಐವತ್ತು ದಾಟಿದ ನೂರು ಜನರಲ್ಲಿ ಸುಮಾರು ಮೂವರಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಒಟ್ಟಾರೆ ನೋಡಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಮಾತ್ರ ಮೈಲೋಮಾದಂಥ (ಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಕಾಯಿಲೆಯಾಗಿ ಬೆಳೆಯುತ್ತದೆ. ಐಜಿಜಿ ಬಗೆ, 1.5 ಗ್ರಾಂಗಿಂತ ಕಡಿಮೆ ಪ್ರಮಾಣ, ಸರಿಯಾದ ಲೈಟ್ ಚೈನ್ ಅನುಪಾತ, ಈ ಮೂರೂ ನಿಮ್ಮಲ್ಲಿ ಕೂಡಿರುವುದರಿಂದ ಅಪಾಯ ಇನ್ನೂ ಕಡಿಮೆ, 20 ವರ್ಷಗಳಲ್ಲಿ ನೂರಕ್ಕೆ ಸುಮಾರು ಐದು. ಇಂಥವರಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಮಜ್ಜೆಯ ಪರೀಕ್ಷೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ, ಅದರಲ್ಲಿ ವೈದ್ಯರ ಅಲಕ್ಷ್ಯವೇನೂ ಇಲ್ಲ. ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ವರದಿಗಳನ್ನು ತಾರೀಖಿನ ಪ್ರಕಾರ ಕಡತದಲ್ಲಿಡಿ. ಲ್ಯಾಬ್ ಬದಲಾದರೆ ಅಂಕಿಯೂ ಅಷ್ಟಿಷ್ಟು ಬದಲಾಗಿ ವೃಥಾ ನಿದ್ದೆಗೆಡುತ್ತೀರಿ.

ಉತ್ತರ (ಹಾವೇರಿ, ಔಷಧ ಅಂಗಡಿ):
ಭಸ್ಮವನ್ನು ದಯವಿಟ್ಟು ಮುಟ್ಟಬೇಡಿ. ಏನು ಬೆರೆತಿದೆಯೆಂದು ತಿಳಿಯದ ಭಸ್ಮದಲ್ಲಿ ಸೀಸ, ಪಾದರಸ ಇದ್ದರೆ ಮೊದಲು ಪೆಟ್ಟು ಬೀಳುವುದರಲ್ಲಿ ಮೂತ್ರಪಿಂಡವೂ ಒಂದು, ಅದನ್ನೇ ನೀವು ಕಾಯ್ದುಕೊಳ್ಳಬೇಕಾದದ್ದು. ಬೆನ್ನುನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಅಂಗಡಿಯಿಂದ ಹಾಗೆಯೇ ಕೊಂಡು ದಿನವೂ ನುಂಗುವ ರೂಢಿ ನಮ್ಮ ಕಡೆ ಬಹಳ. ವೈದ್ಯರನ್ನು ಕೇಳದೆ ಅವನ್ನೂ ತೆಗೆದುಕೊಳ್ಳಬೇಡಿ. ರಾತ್ರಿ ಮಲಗಿದರೂ ಬಿಡದ ಹೊಸ ಮೂಳೆನೋವು, ಕಾರಣವಿಲ್ಲದ ನಿಶ್ಶಕ್ತಿ, ನೊರೆಮೂತ್ರ, ಪಾದದ ಜೋಮು, ಪದೇ ಪದೇ ಸೋಂಕು ಕಂಡರೆ ಆರು ತಿಂಗಳು ಕಾಯದೆ ಹೋಗಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆಯೂ ವಿಚಾರಿಸಿರಿ.

ಉತ್ತರ (ಹುಬ್ಬಳ್ಳಿ):
ಅಣ್ಣನವರೇ, ಮಗಳ ವಿಷಯಕ್ಕೆ ಮಾತ್ರ ಬರೆಯುತ್ತೇನೆ. ರಕ್ತಸಂಬಂಧಿಗಳಲ್ಲಿ ಇದರ ಸಾಧ್ಯತೆ ತುಸು ಹೆಚ್ಚಿರಬಹುದಾದರೂ, ತಂದೆಗೆ ಇದ್ದಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುವ ಕಾಯಿಲೆ ಇದಲ್ಲ. ಮೊದಲು ಮಗಳನ್ನೇ ಕೂಡಿಸಿಕೊಂಡು ವರದಿ ತೋರಿಸಿ. ಬೀಗರಿಗೆ ಎಷ್ಟು, ಯಾವಾಗ ಹೇಳಬೇಕೆಂಬುದರಲ್ಲಿ ಆಕೆಯ ಮಾತೂ ಇರಲಿ. ಅರ್ಧ ಕೇಳಿದ ನೆಂಟರ ಬಾಯಿಂದ ಅದು ಅವರ ಕಿವಿಗೆ ಬೀಳುವುದಕ್ಕಿಂತ, ಅಂಕಿಗಳನ್ನು ಬಲ್ಲ ನೀವೇ ಹೇಳುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಆರೋಗ್ಯ ವಿಮೆ ಮಾಡಿಸುವುದಾದರೆ ಅರ್ಜಿಯಲ್ಲಿ ಇದನ್ನು ತಪ್ಪದೇ ನಮೂದಿಸಿ. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ತಕರಾರು ಬರುತ್ತದೆ.