ಪುಟ್ಟ, ನಿನ್ನ ಕಂಪನಿ ನಾಟಕದ ಕಥೆ ಓದಿದೆ

ಪುಟ್ಟ, ಅತ್ತೆ ಮಾತಾಡ್ತಿರೋದು. ಸ್ವಲ್ಪ ಉದ್ದ ಆಗತ್ತೆ ಕಣೋ, ಬಿಡುವಾದಾಗ ಕೇಳು, ಬಸ್ಸಲ್ಲಿದ್ರೆ ಇಯರ್‌ಫೋನ್ ಹಾಕ್ಕೋ. ನಿನ್ನೆ ರಾತ್ರಿ ಗ್ರೂಪಲ್ಲಿ ಹಾಕಿದ್ಯಲ್ಲ ನಿನ್ನ ಸಿನಿಮಾ ಕಥೆ, 12 ಪೇಜು, ಪೂರ್ತಿ ಓದ್ದೆ, ಬೆಳಿಗ್ಗೆ ಕಾಫಿ ಕುಡೀತಾ ಇನ್ನೊಂದು ಸಲ ಓದ್ದೆ. ನಿಮ್ಮ ದೊಡ್ಡಪ್ಪ ಬರೆದಿದ್ದಾರೆ, ಈ ಕಾಲದಲ್ಲಿ ನಾಟಕದವ್ರ ಮನೆ ಕಥೆ ಯಾರು ನೋಡ್ತಾರೆ, ಒಂದು ಲವ್ ಸ್ಟೋರಿ ಮಾಡು ಅಂತ. ಅಣ್ಣ, ನೀವೂ ಕೇಳಿಸ್ಕೊಳ್ಳಿ, ನನಗೆ ಹಂಗನ್ಸಲ್ಲ, ಇವನು ಹಿಡಿದಿರೋ ವಿಷಯ ಬಂಗಾರದಂಥದ್ದು. ಪ್ರೊಡ್ಯೂಸರ್ ಇಲ್ಲ, ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಮಾಡ್ತೀವಿ ಅಂತಾನೆ, ಮಾಡ್ಲಿ. ಆದ್ರೆ ಪುಟ್ಟ, ಕೆಲವು ಕಡೆ ನೀನು ತಪ್ಪಿದೀಯ, ಅದನ್ನ ಹೇಳ್ದೆ ಇದ್ರೆ ನನಗೆ ನಿದ್ದೆ ಬರಲ್ಲ.

ನಿನ್ನ ಕಥೇಲಿ ಆ ಅಜ್ಜ ಇದಾನಲ್ಲ, ನಾಟಕ ಕಂಪನಿಲಿ ಐವತ್ತು ವರ್ಷ ಪ್ರಾಂಪ್ಟರ್ ಆಗಿ ಪರದೆ ಹಿಂದಿನಿಂದ ನಟರಿಗೆ ಮಾತು ಎತ್ಕೊಡ್ತಿದ್ದೋನು, ಈಗ ಮನೇಲಿ ಯಾರು ಜಗಳ ಆಡ್ತಿದ್ರೂ ಮಾತು ತಡವರಿಸಿದ ತಕ್ಷಣ ಬಾಗಿಲ ಹಿಂದಿನಿಂದ ಮುಂದಿನ ಮಾತು ಎತ್ಕೊಡ್ತಾನಲ್ಲ, ಅದು ಎಷ್ಟು ಚೆನ್ನಾಗಿದೆ ಗೊತ್ತಾ, ಅದನ್ನ ಮುಟ್ಟಬೇಡ. ಅಮ್ಮ ಹಾಲಿನವನ ಹತ್ರ ಲೆಕ್ಕ ಕೇಳೋದನ್ನೂ ರಾಗದಲ್ಲೇ ಕೇಳ್ತಾಳೆ, ಅದೂ ಸರಿ. ಆದ್ರೆ ಅಪ್ಪ, ಕಂಪನಿ ಮಾಲೀಕ, ದುರ್ಯೋಧನನ ಕಿರೀಟ ಹಾಕ್ಕೊಂಡೇ ಬ್ಯಾಂಕಿಗೆ ಸಾಲ ಕೇಳಕ್ಕೆ ಹೋಗ್ತಾನೆ ಅಂತ ಬರೆದಿದೀಯ. ಅದು ಬೇಡ ಮಗಾ. ಯಾವ ಕಂಪನಿಯವನೂ ಹಂಗೆ ಮಾಡಲ್ಲ. ಕಿರೀಟ ಅಂದ್ರೆ ಅವರಿಗೆ ದೇವರು, ಹಾಕ್ಕೊಳ್ಳೋ ಮುಂಚೆ ಎರಡು ಕೈಲಿ ಹಿಡಿದು ಕಣ್ಣಿಗೆ ಒತ್ಕೋತಾರೆ, ಆಟ ಮುಗಿದ ಮೇಲೆ ಬಟ್ಟೇಲಿ ಸುತ್ತಿ ಟ್ರಂಕಲ್ಲಿಟ್ಟು ಬೀಗ ಹಾಕ್ತಾರೆ. ಅಪ್ಪ ಕಿರೀಟ ಇಲ್ದೆ, ಇಸ್ತ್ರಿ ಮಾಡಿದ ಬಿಳಿ ಶರ್ಟಲ್ಲೇ ಬ್ಯಾಂಕಿಗೆ ಹೋಗ್ಲಿ, ಮ್ಯಾನೇಜರ್ ಮುಂದೆ ಸಾಲ ಕೇಳುವಾಗ ಮಾತ್ರ ಅವನಿಗೇ ಗೊತ್ತಿಲ್ದೆ ದನಿ ದುರ್ಯೋಧನಂದು ಬರ್ಲಿ, ಕ್ಯೂಲಿ ನಿಂತಿರೋರೆಲ್ಲ ತಿರುಗಿ ನೋಡ್ಲಿ. ಅದಕ್ಕೆ ನಗು ಬರತ್ತೆ, ಅವನ ಮರ್ಯಾದೆನೂ ಉಳಿಯತ್ತೆ.

ನಾನು ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ನೀನು ಹುಟ್ಟೋಕೆ ಮುಂಚೆ, ನಿಮ್ಮಪ್ಪ ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ, ನಮ್ಮೂರ ಜಾತ್ರೆಗೆ ಒಂದು ಕಂಪನಿ ಬಂದು ಎರಡು ತಿಂಗಳು ಕ್ಯಾಂಪ್ ಹಾಕಿತ್ತು. ನಮ್ಮ ತಾತ ಹಿತ್ತಲ ಕಡೆ ಕೊಟ್ಟಿಗೆ ಪಕ್ಕದ ಎರಡು ರೂಮು ಅವರಿಗೆ ಬಿಟ್ಕೊಟ್ಟಿದ್ರು. ಅದರಲ್ಲಿ ಒಂದು ರೂಮಲ್ಲಿ ರಾವಣ ಮಂಡೋದರಿ ಪಾರ್ಟ್ ಮಾಡ್ತಿದ್ದ ಗಂಡ ಹೆಂಡ್ತಿ ಇದ್ರು, ಮೂರು ಮಕ್ಕಳು, ಅದರ ಮೇಲೆ ಒಂದು ಕೈಗೂಸು. ರಾತ್ರಿ ಲಂಕೆ ನಡುಗಿಸ್ತಿದ್ದ ಮನುಷ್ಯ ಬೆಳಿಗ್ಗೆ ನಮ್ಮ ಬಾವಿ ಕಟ್ಟೇಲಿ ಕೂತು ಮಗೂದು ಬಟ್ಟೆ ಒಗೀತಿದ್ರು, ಕಿವಿ ಹಿಂದೆ ಬಣ್ಣ ಇನ್ನೂ ಹೋಗಿರ್ತಿರ್ಲಿಲ್ಲ. ನಮ್ಮಮ್ಮ ಕೊಬ್ಬರಿ ಎಣ್ಣೆ ಕೊಟ್ಟು ಕಳಿಸ್ತಿದ್ರು ನನ್ನ ಕೈಲಿ, ಬಣ್ಣ ತೆಗೆಯಕ್ಕೆ. ಆ ಮೂರು ಮಕ್ಕಳೂ ನಮ್ಮ ಜೊತೆ ಕುಂಟಾಬಿಲ್ಲೆ ಆಡ್ತಾ ಆಡ್ತಾ ಇದ್ದಕ್ಕಿದ್ದಂಗೆ "ಎಲವೋ ಮರ್ಕಟ" ಅಂತ ಶುರು ಮಾಡ್ತಿದ್ರು, ಅವಕ್ಕೆ ಆಟಕ್ಕೂ ಪಾರ್ಟಿಗೂ ವ್ಯತ್ಯಾಸಾನೇ ಇರ್ಲಿಲ್ಲ.

ಒಂದಿನ ಏನಾಯ್ತು, ಗಂಡ ಹೆಂಡ್ತಿಗೆ ಸೀಮೆಎಣ್ಣೆ ವಿಷಯಕ್ಕೆ ಜಗಳ. ಸ್ಟೌವಿಗೆ ಅಂತ ಇಟ್ಟಿದ್ದ ದುಡ್ಡನ್ನ ಆತ ಮೀಸೆ ಅಂಟಿಸೋ ಗೋಂದಿಗೆ ಖರ್ಚು ಮಾಡ್ಬಿಟ್ಟಿದ್ರು. ಎರಡು ದಿನ ಮಾತಿಲ್ಲ, ಮಕ್ಕಳ ಕೈಲಿ ಹೇಳಿಸೋದು, "ನಿಮ್ಮಪ್ಪಂಗೆ ಊಟಕ್ಕೆ ಬರಕ್ಕೇಳು". ಎರಡನೇ ದಿನ ರಾತ್ರಿ ನಾವೆಲ್ಲ ಮುಂದೆ ಚಾಪೇಲಿ ಕೂತಿದೀವಿ. ಮಂಡೋದರಿ ಬಂದ್ಲು, ಸೀತೆ ಬಿಟ್ಬಿಡಿ ಅಂತ ಗಂಡಂಗೆ ಬುದ್ಧಿ ಹೇಳೋ ಸೀನು, ನಮಗೆಲ್ಲ ಬಾಯಿಪಾಠ ಆಗಿತ್ತು. ಆಯಮ್ಮ ಕೈ ಮುಗಿದು ಹೇಳಿದ್ಲು, "ಸ್ವಾಮಿ, ಲಂಕೆಯೆಲ್ಲ ಬಂಗಾರವಂತೆ, ಅಂತಃಪುರದ ಒಲೆಗೆ ಮಾತ್ರ ಸೀಮೆಎಣ್ಣೆಗೆ ಗತಿಯಿಲ್ಲ". ಅಯ್ಯೋ, ಟೆಂಟೇ ಕಿತ್ತೋಗೋ ಹಂಗೆ ಶಿಳ್ಳೆ. ಒನ್ಸ್ ಮೋರ್ ಒನ್ಸ್ ಮೋರ್ ಅಂತ ಜನ. ರಾವಣ ಅಲ್ಲಾಡ್ಲಿಲ್ಲ ಕಣೋ, ಹತ್ತು ತಲೆ ಹೊತ್ಕೊಂಡು ಅದೇ ಗತ್ತಲ್ಲಿ, "ದೇವಿ, ನಾಳೆಯೇ ಕುಬೇರನಿಗೆ ಡಬ್ಬ ಕಳುಹಿಸುವೆ" ಅಂದ್ರು. ಮಾರನೇ ದಿನ ನಮ್ಮ ಹಿತ್ತಲಲ್ಲಿ ಇಬ್ರೂ ಒಟ್ಟಿಗೆ ಕೂತು ಕಾಫಿ ಕುಡೀತಿದ್ರು, ಮಾಲೀಕರು ಬಂದು, ಅಮ್ಮಾ ಆ ಮಾತು ಇವತ್ತೂ ಇರ್ಲಿ ಅಂದ್ರು. ಕ್ಯಾಂಪ್ ಮುಗಿಯೋವರೆಗೂ ದಿನಾ ಇತ್ತು ಆ ಸೀಮೆಎಣ್ಣೆ ಮಾತು.

ನಿನಗೆ ನಾನು ಹೇಳ್ಬೇಕಾಗಿರೋದು ಇದೇ ಪುಟ್ಟ. ಅಂಥ ಮನೇಲಿ ಒಂದು ಜಗಳಾನೂ ದಂಡ ಆಗಲ್ಲ, ಎಲ್ಲ ಸ್ಟೇಜಿಗೆ ಹೋಗತ್ತೆ, ಸ್ಟೇಜಿನ ಮಾತು ವಾಪಸ್ ಅಡುಗೆಮನೆಗೆ ಬರತ್ತೆ. ನೀನು ಅವರನ್ನ ಹುಚ್ಚರು ಅಂದ್ಕೊಂಡು ಹೊರಗಡೆ ನಿಂತು ಬರೆದಿದೀಯ, ನಗಿಸೋದೇ ಕಸುಬಾಗಿರೋರು ಅವರು, ಯಾವ ಮಾತಿಗೆ ಜನ ನಗ್ತಾರೆ ಅನ್ನೋದು ನಿನಗಿಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಗುಬ್ಬಿ ವೀರಣ್ಣನವರನ್ನೇ ತಗೋ, ನಮ್ಮ ತುಮಕೂರು ಕಡೆಯವರು. ಅವರ ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ, ಆಗ ಅವರು ಹುಟ್ಟೇ ಇರ್ಲಿಲ್ಲ, ಹುಟ್ಟಿದ್ದು 1891. ಚಿಕ್ಕ ಹುಡುಗ ಆಗಿದ್ದಾಗಲೇ ಸೇರಿ, ಪಾರ್ಟ್ ಮಾಡ್ತಾ ಮಾಡ್ತಾ ಕೊನೆಗೆ ಇಡೀ ಕಂಪನಿ ಯಜಮಾನರಾದ್ರು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆ ಸ್ಟೇಜಿಗೆ ತಂದೋರು, ಅಷ್ಟು ದೊಡ್ಡ ಯಜಮಾನ, ಮನಸ್ಸು ಮಾಡಿದ್ರೆ ದಿನಾ ರಾಜನ ಪಾರ್ಟೇ ಮಾಡಬಹುದಿತ್ತಲ್ಲ. ಆದ್ರೆ ಸದಾರಮೆ ನಾಟಕದಲ್ಲಿ ಅವರು ಮಾಡ್ತಿದ್ದಿದ್ದು ಕಳ್ಳನ ಪಾರ್ಟು! ಜನ ಗಾಡಿ ಕಟ್ಕೊಂಡು ಬರ್ತಿದ್ದಿದ್ದು ಆ ಕಳ್ಳನ್ನ ನೋಡಕ್ಕೆ. ನಿನ್ನ ಕಥೇಲಿ ಮಾಲೀಕ ಯಾವಾಗ್ಲೂ ಚಕ್ರವರ್ತಿ ಪಾರ್ಟೇ ತಗೋತಾನೆ, ಅಹಂಕಾರ ತೋರ್ಸಕ್ಕೆ ಅಂತ ನೀನು ಹಂಗೆ ಮಾಡಿದೀಯ, ಅರ್ಥ ಆಯ್ತು. ಉಲ್ಟಾ ಮಾಡಿ ನೋಡು. ಎಲ್ಲರಿಗೂ ಸಂಬಳ ಕೊಡೋ ಯಜಮಾನ ರಾತ್ರಿ ಹೊತ್ತು ಕಳ್ಳ, ಅವನ ಹತ್ರ ಸಂಬಳಕ್ಕೆ ಕೈ ಒಡ್ಡೋ ಹುಡುಗ ರಾತ್ರಿ ರಾಜ, ಕಳ್ಳಂಗೆ ಶಿಕ್ಷೆ ಕೊಡೋನು ಅವನೇ. ಮೂರು ತಿಂಗಳ ಬಾಕಿ ಇದ್ದಾಗ ಆ ದರ್ಬಾರ್ ಸೀನು ಹೆಂಗಿರತ್ತೆ ಯೋಚನೆ ಮಾಡು.

ವೀರಣ್ಣನವರ ಮನೆ ಅಂದ್ರೆ ಸಣ್ಣ ಮನೆ ಅಲ್ಲ. ಹೆಂಡತಿ ಬಿ. ಜಯಮ್ಮನವರು ಅಷ್ಟು ದೊಡ್ಡ ನಟಿ, ಮಗಳು ಮಾಲತಮ್ಮನವರು ರಂಗಭೂಮೀಲಿ, ಮೊಮ್ಮಗಳು ಬಿ. ಜಯಶ್ರೀ, ಅವರ ಗಂಟಲು ಕೇಳಿದೀಯಲ್ಲ, ಮೈಕ್ ಇಲ್ದೆ ಕೊನೇ ಸಾಲಿಗೆ ಮುಟ್ಟೋ ಗಂಟಲು ಅದು. ಇದು ರಕ್ತ ಸಂಬಂಧದ ಮನೆ, ಇದರ ಸುತ್ತ ಇನ್ನೊಂದು ದೊಡ್ಡ ಮನೆ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿ ನಟರು, ಮಗ ಮುತ್ತುರಾಜನೂ ಚಿಕ್ಕೋನಿದ್ದಾಗಲೇ ಅಲ್ಲೇ ಬಣ್ಣ ಹಚ್ಚಿದ್ದು. 1954ರಲ್ಲಿ ಬೇಡರ ಕಣ್ಣಪ್ಪ ಬಂತಲ್ಲ, ಆ ಸಿನಿಮಾ ಮಾಡೋದ್ರಲ್ಲೂ ಗುಬ್ಬಿಯವರ ಕೈ ಇತ್ತು, ಅದರಲ್ಲಿ ನರಸಿಂಹರಾಜುನೂ ಇದ್ರು. ನಾಟಕ ನಿರ್ದೇಶಕ ಬಿ. ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಸೇರ್ಕೊಂಡಿದ್ದೂ ಇಲ್ಲೇ, ಆ ಹುಡುಗನ್ನ ಮುಂದೆ ಓದು ಅಂತ ಕಾಶಿಗೆ ಕಳಿಸ್ದೋರು ವೀರಣ್ಣನವರು. ಎಲ್ಲಿಂದಲೋ ಓಡಿ ಬಂದ ಮಗು, ಅದಕ್ಕೂ ಅಲ್ಲಿ ಎಲೆ ಹಾಕ್ತಿದ್ರು. ನಿನ್ನ ಕಥೇಲಿ ಬರೀ ಐದು ಜನ ಇದಾರೆ, ಅಪ್ಪ ಅಮ್ಮ ಅಜ್ಜ ಮಗ ಮಗಳು. ಅಷ್ಟೇ ಆದ್ರೆ ಅದು ನಮ್ಮನೆ ಥರ ಆಯ್ತು, ಕಂಪನಿ ಮನೆ ಆಗ್ಲಿಲ್ಲ. ಓಡಿ ಬಂದ ಹುಡುಗ ಒಬ್ಬ ಬೇಕು. ಹಾರ್ಮೋನಿಯಂ ಮೇಷ್ಟ್ರು ಒಬ್ರು ಬೇಕೇ ಬೇಕು, ಅವರು ಮುನಿಸ್ಕೊಂಡ್ರೆ ಆವತ್ತು ನಾಂದಿನೇ ಇಲ್ಲ. ಅಡುಗೆಯವನು ಬೇಕು, ಯಾರಿಗಾದ್ರೂ ಜ್ವರ ಬಂದ್ರೆ ಸೌಟು ಬಿಟ್ಟು ಗದೆ ಹಿಡಿಯೋನು.

ಇನ್ನು ಮಾಸ್ಟರ್ ಹಿರಣ್ಣಯ್ಯನವರು. ಅವರ ಲಂಚಾವತಾರ ನಾಟಕ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಒಂದು ಸಲ ಇದ್ದಂಗೆ ಇನ್ನೊಂದು ಸಲ ಇರ್ತಿರ್ಲಿಲ್ಲ. ಬೆಳಿಗ್ಗೆ ಪೇಪರಲ್ಲಿ ಬಂದ ಸುದ್ದಿ ರಾತ್ರಿ ನಾಟಕದಲ್ಲಿ ಇರ್ತಿತ್ತು, ಮಂತ್ರಿಗಳು ಮುಂದಿನ ಸಾಲಲ್ಲಿ ಕೂತಿದ್ರೂ ಬಿಡ್ತಿರ್ಲಿಲ್ಲ. ಅವರ ತಂದೆ ಕೆ. ಹಿರಣ್ಣಯ್ಯನವರು ಕಟ್ಟಿದ ಮಿತ್ರಮಂಡಳಿ, ಆಮೇಲೆ ಇವರು, ಆಮೇಲೆ ಮಗ ಬಾಬು ಹಿರಣ್ಣಯ್ಯ, ಮೂರು ತಲೆಮಾರು ಜನರನ್ನ ನಗಿಸಿದ ಮನೆ. 2019ರಲ್ಲಿ ಮಾಸ್ಟರ್ ತೀರಿಹೋದಾಗ ನಿಮ್ಮ ಮಾವ ಊಟಾನೇ ಮಾಡ್ಲಿಲ್ಲ. ಎದುರಿಗಿರೋ ನಟ ಬರೆದ ಮಾತು ಬಿಟ್ಟು ಬೇರೆ ಮಾತಾಡಿದ್ರೆ ಜೊತೆಗಿರೋರು ಹೆಂಗೆ ಸಂಭಾಳಿಸ್ತಾರೆ, ಅದೇ ಒಂದು ದೊಡ್ಡ ವಿದ್ಯೆ. ನಿನ್ನ ನಟರಿಗೆ ಆ ಥರ ಬಿಡು. ಪೇಪರಲ್ಲಿ ಬರೆದಿದ್ದನ್ನೇ ಒಪ್ಪಿಸ್ಬೇಕು ಅಂತ ಹಠ ಮಾಡ್ಬೇಡ.

ಎಲ್ಲಿಂದ ನಟರನ್ನ ತರೋದು ಅಂತ ಕೇಳಿದೀಯ. ಬಾದಾಮಿಗೆ ಹೋಗು ಮಗಾ. ಮಾವಂಗೆ ಅಲ್ಲಿಗೆ ಟ್ರಾನ್ಸ್‌ಫರ್ ಆಗಿದ್ದಾಗ ನಾಲ್ಕು ವರ್ಷ ಇದ್ವಿ, ಜನವರಿ ಬಂತಂದ್ರೆ ಬನದ ಹುಣ್ಣಿಮೆ, ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ಜಾತ್ರೆ ಮುಗಿಯಲ್ಲ, ವಾರಗಟ್ಟಲೆ ನಾಟಕ. ಸಾಲಾಗಿ ತಗಡಿನ ಥಿಯೇಟರುಗಳು, ಒಂದರ ಮೈಕು ಇನ್ನೊಂದರ ಮೈಕನ್ನ ಹೊಡೆದು ಹಾಕತ್ತೆ, ರಾತ್ರಿ ಶುರುವಾದ್ರೆ ಬೆಳಗಿನ ಜಾವದವರೆಗೂ ಆಟದ ಮೇಲೆ ಆಟ. ನಾನು ಮೊದಲ ವರ್ಷ ಪರದೆ ಹಿಂದೆ ಹೋಗಿ ನೋಡಿದೆ, ರೊಟ್ಟಿ ಬಡಿಯೋ ಸದ್ದು, ಪಕ್ಕದಲ್ಲೇ ತಬಲಾ, ಜೋಳಿಗೇಲಿ ಮಗು ಮಲಗಿದೆ, ತಾಯಿ ಲಾಲಿ ಹಾಡ್ತಾ ಹಾಡ್ತಾ ಎಂಟ್ರಿ ಬಂತು ಅಂತ ಹಂಗೇ ಸ್ಟೇಜಿಗೆ ಹೋಗ್ಬಿಟ್ಳು, ಬಂದು ಮತ್ತೆ ತೂಗಿದ್ಲು. ಅಲ್ಲಿ ಇರೋರು ವರ್ಷದ ಸಂಪಾದನೇನ ಆ ಒಂದು ಜಾತ್ರೇಲಿ ನೋಡ್ಕೋಬೇಕು. ಅವರ ಬಡತನಕ್ಕೆ ಜನ ನಗೋ ಹಂಗೆ ತೋರ್ಸಿದ್ರೆ ನಾನು ಸುಮ್ನಿರಲ್ಲ. ಅವರ ಚುರುಕಿಗೆ ನಗ್ಲಿ.

ಸ್ಟಾರ್ ಇಲ್ದೆ ಆಗಲ್ಲ ಅಂತ ನಿಮ್ಮ ದೊಡ್ಡಪ್ಪ ಹೇಳ್ತಿದಾರೆ, ಅಣ್ಣ, ತಿಥಿ ಸಿನಿಮಾ ನೋಡಿದ್ರಲ್ಲ ನೀವೇ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ಅಂದಿದ್ರಿ. ಮಂಡ್ಯ ಕಡೆ ಹಳ್ಳಿ ಜನಾನೇ ಅದರಲ್ಲಿ ಇದ್ದಿದ್ದು, ಕ್ಯಾಮೆರಾ ಮುಂದೆ ಒಂದಿನ ನಿಂತೋರಲ್ಲ, 2015ರಲ್ಲಿ ಲೊಕಾರ್ನೊ ಫೆಸ್ಟಿವಲ್‌ನಲ್ಲಿ ಪ್ರೈಜ್ ಬಂತು, ಮುಂದಿನ ವರ್ಷ ನಮ್ಮೂರ ಥಿಯೇಟರಲ್ಲೂ ಓಡ್ತು. ದುಡ್ಡಿನ ವಿಷಯಕ್ಕೆ ಲೂಸಿಯಾ ಸಿನಿಮಾ ಇದೆ, ನೋಡೋ ಜನಾನೇ ಸೇರಿ ಸುಮಾರು 50 ಲಕ್ಷ ಹಾಕಿದ್ರು, 2013ರಲ್ಲಿ ಬಂತು. ಆಗಲ್ಲ ಅನ್ನೋ ಹಂಗೇನಿಲ್ಲ. ನಿನ್ನ ಲಿಸ್ಟಲ್ಲಿ ಮಾಲೀಕನ ಪಾರ್ಟಿಗೆ ಟಿವಿ ಕಾಮಿಡಿ ಶೋ ಹುಡುಗನ ಹೆಸರು ಬರೆದಿದೀಯ, ಆ ಹುಡುಗ ಒಳ್ಳೇ ನಟನೇ, ಆದ್ರೆ ಕಂಪನಿಲಿ ನಲವತ್ತು ವರ್ಷ ನವೆದಿರೋ ಒಂದು ಗಂಟಲು ಬೇರೆ ಕಣೋ, ಅದನ್ನ ಯಾವ ಟ್ರೈನಿಂಗ್ ಕೊಟ್ರೂ ಬರ್ಸಕ್ಕಾಗಲ್ಲ. ಹೋಗಿ ಕೇಳು, ಸರಿಯಾಗಿ ಸಂಬಳ ಕೊಡು, ಊಟ ಮಲಗೋ ವ್ಯವಸ್ಥೆ ಮೊದಲೇ ಹೇಳು, ಅವರು ಕೇಳೋ ಮೊದಲ ಪ್ರಶ್ನೆ ಅದೇ ಆಗಿರತ್ತೆ.

ಕೊನೇ ಸೀನ್ ಬಗ್ಗೆ ಒಂದು ಮಾತು. ಕಂಪನಿ ಮುಚ್ಚಿ, ಮಗ ಗವರ್ನಮೆಂಟ್ ಕೆಲಸಕ್ಕೆ ಸೇರಿ, ಅಪ್ಪ ಮಳೇಲಿ ಒಬ್ನೇ ಖಾಲಿ ಟೆಂಟಲ್ಲಿ ಅಳ್ತಾನೆ ಅಂತ ಮುಗಿಸಿದೀಯ. ಇಷ್ಟೊತ್ತು ನಗಿಸಿ ಯಾಕೋ ಹಿಂಗೆ ಮಾಡ್ತೀಯ? ಮಳೆ ಬಂದ್ರೆ ಆ ಜನ ಅಳ್ತಾ ನಿಲ್ಲಲ್ಲ, ಪರದೆ ನೆನೆಯತ್ತೆ ಅಂತ ಓಡ್ತಾರೆ! ನಮ್ಮೂರಲ್ಲಿ ಕ್ಯಾಂಪಿನ ಕೊನೇ ರಾತ್ರಿ ಜೋರು ಮಳೆ ಬಂತು, ರಾಮ ರಾವಣ ಕೋತಿಗಳು ಎಲ್ಲ ಸೇರಿ ಅರಮನೆ ಪರದೇನ ಸುತ್ಕೊಂಡು ನಮ್ಮ ಜಗಲಿಗೆ ತಂದು ಹಾಕಿದ್ರು, ಅರ್ಧ ಗಂಟೆ ಅಲ್ಲೇ ಕೂತು ಉಳಿದ ನಾಟಕ ನಮ್ಮ ಮನೆಯವರಿಗೇ ಆಡಿ ತೋರ್ಸಿದ್ರು, ಮಂಗಳ ಹಾಡಿದ ಮೇಲೇ ಎದ್ದಿದ್ದು. ಅರ್ಧಕ್ಕೆ ಬಿಟ್ರೆ ಒಳ್ಳೇದಲ್ಲ ಅಂತ. ಬೇಕಿದ್ರೆ ಅದನ್ನ ತಗೋ, ಮಗ ಆಫೀಸಿಂದ ಬಂದು ಪರದೆಯ ಒಂದು ತುದಿ ಹಿಡೀಲಿ.

ಭಾನುವಾರ ಮನೆಗೆ ಬಾ, ನಿಮ್ಮ ಚಿಕ್ಕಜ್ಜಿಗೆ ಆ ಮಂಡೋದರಿ ಹಾಡು ಪೂರ್ತಿ ಬರತ್ತೆ, ಫೋನಲ್ಲಿ ರೆಕಾರ್ಡ್ ಮಾಡ್ಕೊ, ಎಂಟು ಗಂಟೆಗೆ ಮಲಗ್ಬಿಡ್ತಾರೆ ಅವರು, ಮಧ್ಯಾಹ್ನಕ್ಕೇ ಬಾ. ಆಮೇಲೆ ಸೀಮೆಎಣ್ಣೆ ಮಾತನ್ನೂ ನಿನ್ನ ಸಿನಿಮಾಕ್ಕೆ ತಗೋ ಅಂತ ಹೇಳ್ತಿದೀನಿ, ಆದ್ರೆ ಅದನ್ನ ಆಯಮ್ಮನೇ ಹೇಳ್ಬೇಕು ಪುಟ್ಟ, ಗಂಡನ ಬಾಯಿಗೆ ಹಾಕ್ಬೇಡ.