ಲಶೀನ್ ಕಾಲುವೆ ಪಕ್ಕದ ಸೈಕಲ್ ದಾರಿ: ಅಪ್ಪ ಮತ್ತು ಮಗಳ ಜೊತೆ ಪೂರ್ತಿ ಹೋಗಿಬರಬಹುದಾ?

ನೀಲಿಛತ್ರಿ:

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಟೊರೊಂಟೊದಿಂದ ಮಾಂಟ್ರಿಯಲ್‌ಗೆ ಬರುತ್ತಿದ್ದೇವೆ. ನಾನು, ನನ್ನ ಗಂಡ, ಹತ್ತು ವರ್ಷದ ಮಗಳು, ಜೊತೆಗೆ ನಮ್ಮಪ್ಪ. ವಾರಾಂತ್ಯದಲ್ಲಿ ಒಂದು ಪೂರ್ತಿ ದಿನ ಕೈಯಲ್ಲಿದೆ. ಆ ದಿನ ಲಶೀನ್ ಕಾಲುವೆ ಪಕ್ಕದ ಸೈಕಲ್ ದಾರಿಯಲ್ಲಿ ಹೋಗಬೇಕು ಅಂತ ನನಗೆ ಆಸೆ.

ಅಪ್ಪ ಕೆಲಸದಲ್ಲಿದ್ದಷ್ಟು ದಿನ ಸೈಕಲ್‌ನಲ್ಲೇ ಓಡಾಡಿದವರು. ಮಂಡಿ ನೋವು ಶುರುವಾದ ಮೇಲೆ ಬಿಟ್ಟಿದ್ದಾರೆ. ಮಗಳು ಚೆನ್ನಾಗಿ ಓಡಿಸುತ್ತಾಳೆ, ಆದರೆ ಹಿಂದಿನಿಂದ ಯಾರಾದರೂ ಜೋರಾಗಿ ಬಂದರೆ ಗಾಬರಿಯಾಗಿ ಹ್ಯಾಂಡಲ್ ಅಲುಗಾಡಿಸುತ್ತಾಳೆ. ಈ ದಾರಿಗೆ ಕಾರು ಬರುವುದಿಲ್ಲ, ಉದ್ದಕ್ಕೂ ಡಾಂಬರು ಹಾಕಿದೆ, ಏರು ಇಲ್ಲ ಅಂತ ಕೇಳಿದ್ದೇನೆ. ನಿಜನಾ? ಕಾಲುವೆಯ ಒಂದು ತುದಿಯ ಓಲ್ಡ್ ಪೋರ್ಟ್‌ನಿಂದ (ಹಳೇ ಬಂದರು) ಇನ್ನೊಂದು ತುದಿಯ ಲಶೀನ್ ತನಕ ಹೋಗಿ ವಾಪಸ್ ಬರುವುದು ಇವರಿಬ್ಬರಿಗೆ ಜಾಸ್ತಿ ಆಗುತ್ತದಾ?

ಇನ್ನೊಂದು ವಿಷಯ. ನನ್ನ ಗಂಡ "ನೇರ ಕಾಲುವೆ, ನೇರ ರಸ್ತೆ, ನೋಡುವುದಕ್ಕೆ ಏನಿದೆ, ಮೌಂಟ್ ರಾಯಲ್ ಬೆಟ್ಟಕ್ಕೆ ಹೋಗೋಣ" ಅನ್ನುತ್ತಿದ್ದಾರೆ. ಬೆಟ್ಟ ಹತ್ತಿಸಿದರೆ ಅಪ್ಪ ಕೆಳಗೆ ಬೆಂಚಿನ ಮೇಲೆ ಕೂತಿರುತ್ತಾರೆ, ಅಷ್ಟೇ. ಅವರು ಮತ್ತೆ ಸೈಕಲ್ ಹತ್ತುವುದನ್ನು ನೋಡಬೇಕು ನನಗೆ. ಹೋಗಿಬಂದವರು ಸ್ವಲ್ಪ ಹೇಳಿ.

ಪೆಡಲ್‌ಪಯಣ:

ನಮಸ್ಕಾರ ಮೇಡಂ. ಧಾರಾಳವಾಗಿ ಹೋಗಿ. ನೀವು ಕೇಳಿದ್ದು ನಿಜ. ಒಂದು ಕಡೆಗೆ ಸುಮಾರು 14 ಕಿ.ಮೀ., ಪೂರ್ತಿ ಡಾಂಬರು. ಏರು ಅನ್ನುವುದು ಲಾಕ್‌ಗಳ ಹತ್ತಿರ ಸಿಗುವ ಸಣ್ಣ ಇಳಿಜಾರು ಮಾತ್ರ. ಲಾಕ್ ಅಂದರೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿ. ಓಲ್ಡ್ ಪೋರ್ಟ್‌ಗೂ ಲಶೀನ್‌ಗೂ ಎತ್ತರದ ವ್ಯತ್ಯಾಸ ಒಟ್ಟು 14 ಮೀಟರ್ ಆಸುಪಾಸು, ಅದು ಇಡೀ ದಾರಿಗೆ ಹಂಚಿಹೋಗಿದೆ. ಮಂಡಿಗೆ ಗೊತ್ತೇ ಆಗುವುದಿಲ್ಲ.

ಮಂಡಿಗೆ ಗೊತ್ತಾಗುವುದು ಗಾಳಿ. ಇಲ್ಲಿ ಹೆಚ್ಚಿನ ದಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ, ಲಶೀನ್ ಇರುವುದೂ ಅದೇ ದಿಕ್ಕಿಗೆ. ಅಂದರೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಇದು ನಿಮಗೆ ಒಳ್ಳೆಯದೇ. ಕಾಲಲ್ಲಿ ಶಕ್ತಿ ಇರುವಾಗ ಕಷ್ಟದ ಅರ್ಧ ಮುಗಿದುಹೋಗುತ್ತದೆ. ಆದರೆ ಹಿಂದಿನ ರಾತ್ರಿ ಹವಾಮಾನ ನೋಡುವಾಗ ಮಳೆ ಒಂದನ್ನೇ ನೋಡಬೇಡಿ, ಗಾಳಿ ಎಷ್ಟಿದೆ, ಯಾವ ಕಡೆಯದು ಅಂತಲೂ ನೋಡಿ. ಕಾಲುವೆ ಬಯಲಿಗೆ ತೆರೆದುಕೊಂಡಿದೆ, ಗಾಳಿ ಜೋರಿದ್ದರೆ ತಡೆಯುವುದಕ್ಕೆ ಏನೂ ಇಲ್ಲದ ಕಡೆ 14 ಕಿ.ಮೀ. ಅನ್ನುವುದು ಇಪ್ಪತ್ತರ ಹಾಗೆ ಅನಿಸುತ್ತದೆ.

ಮಗಳ ವಿಷಯ. ಈ ದಾರಿಯಲ್ಲಿ ವೇಗದ ಮಿತಿ ಗಂಟೆಗೆ 20 ಕಿ.ಮೀ. ಎಲ್ಲರೂ ಪಾಲಿಸುತ್ತಾರೆ ಅಂತ ಹೇಳಲಾರೆ. ಬಿಗಿ ಬಟ್ಟೆ ಹಾಕಿಕೊಂಡು ತಲೆ ಬಗ್ಗಿಸಿ ಹೋಗುವವರು ಇದ್ದೇ ಇರುತ್ತಾರೆ. ಅವಳನ್ನು ಬಲ ಅಂಚಿಗೆ ಬಿಟ್ಟು, ಮುಂದೆ ಒಬ್ಬರು, ಹಿಂದೆ ಒಬ್ಬರು ಇರಿ. ಹಿಂದೆ ಇರುವವರು "ಒಂದು ಬರ್ತಾ ಇದೆ" ಅಂತ ಮೊದಲೇ ಕೂಗಿ ಹೇಳಿದರೆ ಅವಳಿಗೆ ಗಾಬರಿ ಆಗುವುದಿಲ್ಲ. ಕೆಲವು ಕಡೆ ದಾರಿ ಸೇತುವೆ ಕೆಳಗೆ ನುಗ್ಗುತ್ತದೆ, ಅಲ್ಲಿ ಎದುರು ಬರುವವರು ಕಾಣಿಸುವುದಿಲ್ಲ. ಬೆಲ್ ಬಾರಿಸಿಕೊಂಡು ನಿಧಾನ ಹೋಗಿ. ಮತ್ತೆ, ನಿಲ್ಲಬೇಕಾದರೆ ಡಾಂಬರು ಬಿಟ್ಟು ಹುಲ್ಲಿನ ಮೇಲೆ ನಿಲ್ಲಿ. ದಾರಿ ಮಧ್ಯ ನಿಂತು ಫೋಟೊ ತೆಗೆಯುವ ಕುಟುಂಬಗಳಿಂದ ಆಗುವ ತೊಂದರೆ ಆ ಬಿಗಿ ಬಟ್ಟೆಯವರ ತೊಂದರೆಗಿಂತ ಕಡಿಮೆ ಏನಲ್ಲ.

ಹಳೇಇಟ್ಟಿಗೆ:

ನಿಮ್ಮ ಯಜಮಾನರಿಗೆ ನಾನು ಉತ್ತರ ಹೇಳುತ್ತೇನೆ.

ನೋಡುವುದಕ್ಕೆ ಏನಿದೆ ಅಂದರೆ, ಕೆನಡಾದ ಕೈಗಾರಿಕೆ ಎಲ್ಲಿ ಬೇರು ಬಿಟ್ಟಿತೋ ಆ ಜಾಗ ಇದೆ. ಸೇಂಟ್ ಲಾರೆನ್ಸ್ ನದಿಯಲ್ಲಿ ಸಮುದ್ರದಿಂದ ಬಂದ ಹಡಗು ಮಾಂಟ್ರಿಯಲ್ ತನಕ ಬರುತ್ತಿತ್ತು, ಮುಂದೆ ಹೋಗುವ ಹಾಗಿರಲಿಲ್ಲ. ಬಂಡೆಗಳ ಮೇಲೆ ನದಿ ಕುದಿಯುವ ಲಶೀನ್ ರ್‍ಯಾಪಿಡ್ಸ್ ಅಡ್ಡ. ಸರಕನ್ನೆಲ್ಲ ಇಳಿಸಿ, ಗಾಡಿಗೆ ಹೇರಿ, ಮೇಲೆ ಲಶೀನ್‌ಗೆ ಸಾಗಿಸಿ, ಮತ್ತೆ ದೋಣಿಗೆ ತುಂಬಬೇಕಿತ್ತು. ಅದಕ್ಕೆ 1821ರಲ್ಲಿ ಅಗೆಯಲು ಶುರುಮಾಡಿ 1825ರಲ್ಲಿ ಈ ಕಾಲುವೆ ತೆರೆದರು. ಯಂತ್ರ ಇಲ್ಲದ ಕಾಲ. ಹೊಟ್ಟೆಪಾಡಿಗೆ ಐರ್ಲೆಂಡಿನಿಂದ ಬಂದವರು ಗುದ್ದಲಿ, ಸಲಿಕೆ ಹಿಡಿದು ಅಗೆದದ್ದು. 1840ರ ದಶಕದಲ್ಲಿ ಅಗಲ ಮಾಡುವಾಗಲೂ ಅವರೇ. 1843ರಲ್ಲಿ ಕೂಲಿಗಾಗಿ ಮುಷ್ಕರವನ್ನೂ ಹೂಡಿದರು. ಗ್ರಿಫಿನ್‌ಟೌನ್, ಪಾಯಿಂಟ್ ಸೇಂಟ್ ಚಾರ್ಲ್ಸ್ ಅಂತ ದಾರಿಯ ಶುರುವಿನಲ್ಲಿ ಸಿಗುವ ಬಡಾವಣೆಗಳು ಅವರು ನೆಲೆ ನಿಂತ ಜಾಗಗಳು.

ಈಗ ನೋಡಿ, ಇಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ. ಹಡಗು ಏರಿಸಲು ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ್ದರಲ್ಲ, ಆ ಮೆಟ್ಟಿಲಿನಿಂದ ಬೀಳುವ ನೀರಿಗೆ ಶಕ್ತಿ ಇದೆ. ಅಗಲ ಮಾಡಿದ ಮೇಲೆ ಆ ನೀರನ್ನೇ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟರು. ಹಿಟ್ಟಿನ ಗಿರಣಿ, ಮೊಳೆ ಕಾರ್ಖಾನೆ, ಮರ ಕೊಯ್ಯುವ ಮಿಲ್ಲು ಎಲ್ಲ ಲಾಕ್‌ಗಳ ಪಕ್ಕ ಎದ್ದು ನಿಂತದ್ದು ಹಾಗೆ. ಕಾಲುವೆ ಕಟ್ಟಿದ ಗುತ್ತಿಗೆದಾರರಲ್ಲಿ ಒಬ್ಬರಾದ ಜಾನ್ ರೆಡ್‌ಪಾತ್ 1854ರಲ್ಲಿ ಇದೇ ದಂಡೆಯಲ್ಲಿ ಸಕ್ಕರೆ ಕಾರ್ಖಾನೆ ಹಾಕಿದರು. ಸೇಂಟ್ ಗೇಬ್ರಿಯಲ್ ಲಾಕ್ ಹತ್ತಿರ ಕಾಣುವ ಆ ದೊಡ್ಡ ಇಟ್ಟಿಗೆ ಕಟ್ಟಡದಲ್ಲಿ ಈಗ ಮನೆಗಳಿವೆ. 1959ರಲ್ಲಿ ಸೇಂಟ್ ಲಾರೆನ್ಸ್ ಸೀವೇ ಅನ್ನುವ ಹೊಸ ಜಲಮಾರ್ಗ ತೆರೆದ ಮೇಲೆ ದೊಡ್ಡ ಹಡಗುಗಳು ಆ ಕಡೆ ಹೋದವು, 1970ರಲ್ಲಿ ಇಲ್ಲಿ ಸಂಚಾರವೇ ನಿಂತಿತು. 2002ರಲ್ಲಿ ಸಣ್ಣ ದೋಣಿಗಳಿಗೆ ಮತ್ತೆ ತೆರೆದರು.

ಮಗಳಿಗೆ ಒಂದು ಲಾಕ್ ಕೆಲಸ ಮಾಡುವುದನ್ನು ಖಂಡಿತ ತೋರಿಸಿ. ಈಗ ಐದು ಲಾಕ್‌ಗಳಿವೆ. ದೋಣಿ ಬಂದರೆ ಸೈಕಲ್ ಬದಿಗಿಟ್ಟು ಅಂಚಿನ ಬೇಲಿ ಹತ್ತಿರ ನಿಲ್ಲಿ. ದೋಣಿ ಒಳಗೆ ಬರುತ್ತದೆ, ಹಿಂದಿನ ಗೇಟು ಮುಚ್ಚುತ್ತದೆ. ದೋಣಿಯವರು ಗೋಡೆಯ ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದುಕೊಳ್ಳುತ್ತಾರೆ. ತೂಬು ತೆಗೆದ ತಕ್ಷಣ ನೀರು ತಳದಿಂದ ಸುಳಿ ಸುಳಿಯಾಗಿ ಏಳುತ್ತದೆ, ಪಾಚಿ ಹಿಡಿದ ಹಸಿ ಕಲ್ಲು ಒಂದೊಂದೇ ಸಾಲು ಮುಳುಗುತ್ತಾ ಹೋಗುತ್ತದೆ, ಕೆಳಗಿದ್ದ ದೋಣಿಯವರ ತಲೆ ನಿಮ್ಮ ಕಾಲಿನ ಮಟ್ಟಕ್ಕೆ ಬರುತ್ತದೆ. ಪಂಪ್ ಇಲ್ಲ, ಮೇಲಿನ ನೀರು ತಾನಾಗಿ ಇಳಿದು ತುಂಬುವುದು. ಗೇಟಿನ ಎರಡು ಬಾಗಿಲು ಸೇರುವ ಕಡೆ ನೋಡಲು ಹೇಳಿ. ನೇರವಾಗಿ ಸೇರುವುದಿಲ್ಲ, ಮೇಲಿನ ನೀರಿನ ಕಡೆಗೆ ಚೂಪಾಗಿ ಮುಖ ಮಾಡಿ ಸೇರುತ್ತವೆ. ನೀರು ಒತ್ತಿದಷ್ಟೂ ಬಾಗಿಲು ಬಿಗಿಯಾಗುತ್ತದೆ. ಎರಡೂ ಕಡೆ ನೀರು ಸಮ ಆಗುವ ತನಕ ಅದನ್ನು ತೆರೆಯುವುದಕ್ಕೆ ಆಗುವುದೇ ಇಲ್ಲ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ಗೊತ್ತಿಲ್ಲ.

ಬೆಳಗಿನಗಾಳಿ:

ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಓಲ್ಡ್ ಪೋರ್ಟ್‌ನಿಂದ ಶುರು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಜುಲೈ ವಾರಾಂತ್ಯದಲ್ಲಿ ಆ ಮೊದಲ ತುಂಡು ಜಾತ್ರೆ. ನಡೆಯುವವರು, ಓಡುವವರು, ಸ್ಕೇಟಿಂಗ್ ಮಾಡುವವರು, ಮಗುವಿನ ಗಾಡಿ ತಳ್ಳುವವರು, ಎಲ್ಲ ಒಂದೇ ಡಾಂಬರಿನ ಮೇಲೆ. ಬಹಳ ದಿನ ಆದಮೇಲೆ ಸೈಕಲ್ ಹತ್ತುವ ಹಿರಿಯರಿಗೂ, ಹೆದರುವ ಮಗುವಿಗೂ ಮೊದಲ ಹತ್ತು ನಿಮಿಷವೇ ಮುಖ್ಯ ಅಲ್ವಾ? ಅಲ್ಲಿ ಧೈರ್ಯ ಕೆಟ್ಟರೆ ದಿನವೇ ಕೆಟ್ಟ ಹಾಗೆ.

ಅಟ್ವಾಟರ್ ಮಾರ್ಕೆಟ್ ಹತ್ತಿರ ಶುರು ಮಾಡಿ. ಲಿಯೊನೆಲ್ ಗ್ರೂ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಬರಬಹುದು. 1933ರ ಮಾರ್ಕೆಟ್ ಅದು, ಎತ್ತರದ ಗಡಿಯಾರದ ಗೋಪುರ ದೂರದಿಂದಲೇ ಕಾಣಿಸುತ್ತದೆ, ದಾರಿ ತಪ್ಪುವುದಿಲ್ಲ. ಬಾಡಿಗೆ ಸೈಕಲ್ ಅಲ್ಲೇ ಕಾಲುವೆ ಪಕ್ಕ ಸಿಗುತ್ತದೆ. ಹಣ್ಣು, ಬ್ರೆಡ್ಡು, ಚೀಸ್ ಕಟ್ಟಿಸಿಕೊಂಡು ಹೊರಡಿ. ಒಂದು ಕಡೆಗೆ ಮೂರೂವರೆ ನಾಲ್ಕು ಕಿ.ಮೀ. ಉಳಿಯುತ್ತದೆ, ಆ ಶಕ್ತಿ ಲಶೀನ್ ಕಡೆಗೆ ಇರಲಿ. ಬೆಳಿಗ್ಗೆ ಒಂಬತ್ತರೊಳಗೆ ಹೊರಟರೆ ಅರ್ಧ ದಾರಿ ನಿಮ್ಮದೇ.

ಕೋಟ್ ಸೇಂಟ್ ಪಾಲ್ ಲಾಕ್ ದಾಟಿದ ಮೇಲೆ ಜನ ಕಡಿಮೆ ಆಗುತ್ತಾರೆ. ಹೆದ್ದಾರಿ, ರೈಲು ಹಳಿ, ಗೋದಾಮುಗಳ ಪಕ್ಕ ಹೋಗುವ ಭಾಗ ಅದು, ಅಲ್ಲಿ ಸದ್ದೂ ಇದೆ. ಚೆಂದದ ಜಾಗ ಅಂತ ಸುಮ್ನೆ ಹೇಳುವುದಿಲ್ಲ. ಅಂಗಡಿಯೂ ಕಡಿಮೆ, ಹಾಗಾಗಿ ನೀರಿನ ಬಾಟಲಿ ಮೊದಲೇ ತುಂಬಿಸಿಕೊಳ್ಳಿ. ಅದು ಮುಗಿದು ಲಶೀನ್ ತುದಿಗೆ ಬಂದರೆ ಎದುರಿಗೆ ಸೇಂಟ್ ಲೂಯಿ ಸರೋವರ ಅಗಲವಾಗಿ ತೆರೆದುಕೊಳ್ಳುತ್ತದೆ. ನೀರಿನೊಳಗೆ ಚಾಚಿಕೊಂಡ ರೆನೆ ಲೆವೆಕ್ ಪಾರ್ಕಿನಲ್ಲಿ ದೊಡ್ಡ ದೊಡ್ಡ ಶಿಲ್ಪಗಳಿವೆ, ಬೆಂಚು, ಮರದ ನೆರಳು ಎಲ್ಲ ಇದೆ. ಊಟದ ಬುತ್ತಿ ಬಿಚ್ಚುವುದು ಅಲ್ಲಿ. ಪಕ್ಕದಲ್ಲೇ 1803ರ ಕಲ್ಲಿನ ಗೋದಾಮು ಇದೆ, ತುಪ್ಪಳ ವ್ಯಾಪಾರದ ಕಾಲದ್ದು.

ನೀಲಿಛತ್ರಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಲಾಕ್ ಬಗ್ಗೆ ಬರೆದದ್ದನ್ನು ಗಂಡನಿಗೆ ಓದಿ ಹೇಳಿದೆ, ಬೆಟ್ಟದ ಮಾತು ಬಿಟ್ಟರು. ಅಟ್ವಾಟರ್‌ನಿಂದಲೇ ಶುರು ಮಾಡುತ್ತೇವೆ.

ಎರಡು ಪ್ರಶ್ನೆ. ಅಪ್ಪನಿಗೆ ಎಲೆಕ್ಟ್ರಿಕ್ ಸೈಕಲ್ ಕೊಡಿಸಿದರೆ ಹೇಗೆ? ಊರಲ್ಲೆಲ್ಲ ಇರುವ ಬಿಕ್ಸಿ ಬಾಡಿಗೆ ಸೈಕಲ್ ಸಾಕಾಗುತ್ತದಾ? ಇನ್ನೊಂದು, ಆ ರ್‍ಯಾಪಿಡ್ಸ್ ಈಗಲೂ ನೋಡಬಹುದಾ? ಕಾಲುವೆ ಯಾಕೆ ಬೇಕಾಯಿತು ಅಂತ ಮಗಳಿಗೆ ಕಣ್ಣಾರೆ ತೋರಿಸಬೇಕು.

ಪೆಡಲ್‌ಪಯಣ:

ಎಲೆಕ್ಟ್ರಿಕ್ ಒಳ್ಳೆಯ ಯೋಚನೆ ಮೇಡಂ, ಎದುರುಗಾಳಿಗೆ ಅದೇ ಮದ್ದು. ಕ್ವಿಬೆಕ್‌ನಲ್ಲಿ ಎಲೆಕ್ಟ್ರಿಕ್ ಸೈಕಲ್ ಓಡಿಸುವವರಿಗೆ ಹೆಲ್ಮೆಟ್ ಕಡ್ಡಾಯ, ಇದನ್ನು ಮರೆಯಬೇಡಿ. ಮಗಳಿಗೂ ಹಾಕಿ, ಕಾನೂನು ಏನೇ ಇರಲಿ.

ಆದರೆ ನಿಮಗೆ ಬಿಕ್ಸಿ ಬೇಡ. ಮೊದಲನೆಯದಾಗಿ ಅದು 14 ವರ್ಷ ಆದವರಿಗೆ ಮಾತ್ರ, ಮಗಳಿಗೆ ಸಿಗುವುದಿಲ್ಲ. ಎರಡನೆಯದು, ಬಿಡಿ ಸವಾರಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು. ಲಾಕ್ ನೋಡುತ್ತಾ ನಿಂತರೂ ಮೀಟರ್ ಓಡುತ್ತಿರುತ್ತದೆ, ಆಗ ನಿಲ್ಲುವ ಮನಸ್ಸೇ ಬರುವುದಿಲ್ಲ. ಅಂಗಡಿಯಲ್ಲಿ ದಿನದ ಬಾಡಿಗೆಗೆ ನಾಲ್ಕೂ ಸೈಕಲ್ ಒಟ್ಟಿಗೆ ತೆಗೆದುಕೊಳ್ಳಿ. ಮಕ್ಕಳ ಸೈಕಲ್ ಕೆಲವೇ ಇರುತ್ತವೆ, ಮೊದಲೇ ಫೋನ್ ಮಾಡಿ ಹೇಳಿಡಿ. ಅಪ್ಪ ಅವರಿಗೆ ಸೀಟಿನ ಎತ್ತರ ಅಂಗಡಿಯಲ್ಲೇ ಸರಿ ಮಾಡಿಸಿ. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಮ್ಮಿ ನೇರ ಆಗಬೇಕು, ಮಂಡಿ ಸ್ವಲ್ಪ ಮಾತ್ರ ಮಡಚಿರಬೇಕು. ಸೀಟು ತಗ್ಗಿದ್ದರೆ ಮಂಡಿ ನೋವು ಗ್ಯಾರಂಟಿ, ಮೋಟರ್ ಇದ್ದರೂ ಅಷ್ಟೇ. ಸೀಟು ತಗ್ಗಿದ್ದರೆ ಧೈರ್ಯ ಅಂತ ಹಿರಿಯರು ಎತ್ತರಿಸುವುದು ಬೇಡ ಅನ್ನುತ್ತಾರೆ, ಬಿಡಬೇಡಿ. ನಡುವೆ ಅಡ್ಡ ಪೈಪು ಇಲ್ಲದ ಸೈಕಲ್ ಕೇಳಿದರೆ ಹತ್ತಿ ಇಳಿಯುವುದೂ ಸುಲಭ.

ಹಳೇಇಟ್ಟಿಗೆ:

ರ್‍ಯಾಪಿಡ್ಸ್ ಎಲ್ಲಿಗೂ ಹೋಗಿಲ್ಲ! ಲಾಸಾಲ್‌ನಲ್ಲಿ ನದಿ ದಂಡೆಗೇ ರ್‍ಯಾಪಿಡ್ಸ್ ಪಾರ್ಕ್ ಇದೆ. ಲಶೀನ್‌ನಿಂದ ಕಾಲುವೆ ಬಿಟ್ಟು ನದಿ ಪಕ್ಕದ ಸೈಕಲ್ ದಾರಿ ಹಿಡಿದರೆ ಅಲ್ಲಿಗೆ ಹೋಗುತ್ತದೆ. ಅದು ಹಕ್ಕಿಗಳಿಗೆ ಮೀಸಲಾದ ಜಾಗವೂ ಹೌದು, ಬಕಗಳು ಕಲ್ಲಿನ ಮೇಲೆ ನಿಂತು ಮೀನು ಕಾಯುತ್ತಿರುತ್ತವೆ. ನೀರಿನ ಮೊರೆತ ಕೇಳುತ್ತಾ ಆ ಬಿಳಿ ನೊರೆಯನ್ನು ನೋಡಿದರೆ ಹಡಗು ಯಾಕೆ ಮುಂದೆ ಹೋಗಲಿಲ್ಲ ಅಂತ ಮಗಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮುಂದೆ ವರ್ಡನ್ ಬಡಾವಣೆ ಮೇಲೆ ಹಾಗೇ ವಾಪಸ್ ಬರಬಹುದು, ಆದರೆ ಅದು ಕಾಲುವೆ ದಾರಿಗಿಂತ ಉದ್ದ. ಅಪ್ಪ ಅವರಿಗೆ ಹೇಗನಿಸುತ್ತದೆ ಅಂತ ಲಶೀನ್‌ನಲ್ಲಿ ಊಟ ಆದಮೇಲೆ ತೀರ್ಮಾನ ಮಾಡಿ. ಸಾಕು ಅಂದರೆ ಬಂದ ದಾರಿಯಲ್ಲೇ ಬೆನ್ನಿಗೆ ಗಾಳಿ ಹಾಕಿಕೊಂಡು ವಾಪಸ್. ಕಾಲುವೆಯಲ್ಲಿ ಮಾತ್ರ ಮಗಳನ್ನು ನೀರಿಗೆ ಇಳಿಸಬೇಡಿ. ಈಜುವ ಹಾಗಿಲ್ಲ, ಕಾರ್ಖಾನೆಗಳ ಕಾಲದ ವಿಷ ತಳದ ಕೆಸರಿನಲ್ಲಿ ಈಗಲೂ ಕೂತಿದೆ.

ಬೆಳಗಿನಗಾಳಿ:

ರ್‍ಯಾಪಿಡ್ಸ್ ತನಕ ಹೋಗಿ ಯಾರಿಗಾದರೂ ಸುಸ್ತಾದರೆ ಆಂಗ್ರಿನ್ಯೋ ಮೆಟ್ರೋ ಸ್ಟೇಷನ್ ನೆನಪಿಟ್ಟುಕೊಳ್ಳಿ. ಲಶೀನ್‌ಗೆ ಮೆಟ್ರೋ ಇಲ್ಲ, ಆ ಕಡೆಯವರಿಗೆ ಇದೇ ಗತಿ. ವಾರಾಂತ್ಯದಲ್ಲಿ ಮೆಟ್ರೋಗೆ ಸೈಕಲ್ ಬಿಡುತ್ತಾರೆ, ಮೊದಲ ಬೋಗಿಗೆ ಹತ್ತಬೇಕು. ಊರಲ್ಲಿ ದೊಡ್ಡ ಕಾರ್ಯಕ್ರಮ ಇದ್ದ ದಿನ ಬಿಡುವುದಿಲ್ಲ, ಜುಲೈನಲ್ಲಿ ಅಂಥವು ಜಾಸ್ತಿ, ಹಾಗಾಗಿ ಹೊರಡುವ ಮುಂಚೆ ವಿಚಾರಿಸಿ.

ಹಾಗೇ ಕಾಲುವೆಯನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಪುಟವನ್ನೂ ಒಮ್ಮೆ ನೋಡಿಬಿಡಿ. ಕಾಲುವೆಯ ಹಳೇ ಗೋಡೆ, ಸೇತುವೆ ರಿಪೇರಿ ಆಗಾಗ ನಡೆಯುತ್ತದೆ, ಆಗ ದಾರಿಯನ್ನು ಪಕ್ಕದ ರಸ್ತೆಗೆ ತಿರುಗಿಸುತ್ತಾರೆ. ಕಿತ್ತಳೆ ಬಣ್ಣದ ಬೋರ್ಡು ಕಂಡರೆ ಅದನ್ನೇ ಹಿಡಿದು ಹೋಗಿ, ಸ್ವಲ್ಪ ಮುಂದೆ ಮತ್ತೆ ಕಾಲುವೆಗೆ ಸೇರಿಸುತ್ತದೆ. ಆ ತುಂಡಿನಲ್ಲಿ ಕಾರುಗಳ ಜೊತೆ ಹೋಗಬೇಕಾದರೆ ಮಗಳು ಇಳಿದು ತಳ್ಳಿಕೊಂಡು ಬರಲಿ.